ಗುರುಗುಟ್ಟದ ನಾಯಿ

ಫೆಬ್ರವರಿ 2, ಭಾನುವಾರ

ಇವತ್ತು ಮಧ್ಯಾಹ್ನ ನಮ್ಮ ನಾಯಿ ದೊರೆ ಅತ್ತಿಗೆಯ ತಮ್ಮನ ಕೈ ಕಚ್ಚಿದ. ಕಚ್ಚಿದ್ದು ತಪ್ಪು, ಒಪ್ಪಿದೆ. ಆದರೆ ಆ ಮಹಾನುಭಾವ ಮಾಡಿದ್ದೇನು ಎಂದು ಈ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಹೊಟ್ಟೆ ಬಿರಿಯ ಉಂಡು, ಡರ್ರನೆ ತೇಗಿ, ಮೂಲೆಯಲ್ಲಿ ತನ್ನ ಪಾಡಿಗೆ ತಾನು ಮಲಗಿದ್ದ ನಾಯಿಯ ಮೇಲೆ ಬಗ್ಗಿ, ಅದರ ಎರಡೂ ಕಿವಿ ಹಿಡಿದು, "ಏನಪ್ಪಾ ದೊರೆ, ರಾಜ್ಯಭಾರ ಹೇಗ್ ನಡೀತಿದೆ?" ಎಂದು ಜಗ್ಗಿದ. ದೊರೆ ಮುಖ ಆಚೆ ತಿರುಗಿಸಿದ. ಇವನು ಮತ್ತೆ ಜಗ್ಗಿದ. ಇನ್ನೊಂದು ಸಲ ಜಗ್ಗುವಷ್ಟರಲ್ಲಿ ಅವನ ಹೆಬ್ಬೆರಳ ಬುಡದಲ್ಲಿ ಎರಡು ತೂತು.

ಆಮೇಲೆ ಏನು ಕೇಳುವುದು! ಅತ್ತಿಗೆ ಕಿರುಚಿದರು. ಅಣ್ಣ ಚಪ್ಪಲಿ ಹಿಡಿದು ಓಡಿಬಂದ. ದೊರೆ ಮಂಚದ ಕೆಳಗೆ ನುಸುಳಿ ಗೋಡೆಗೆ ಅಂಟಿಕೊಂಡ. ಗಾಯಾಳುವನ್ನು ಸೂಜಿ ಹಾಕಿಸಲು ಕರೆದುಕೊಂಡು ಹೋದರು. ನನ್ನ ಕೈಗೆ ಅವನ ಬಿಳಿ ಶರ್ಟು ಬಂತು. ನಾನು ಲಾಂಡ್ರಿಯಲ್ಲಿ ಕಲೆ ತೆಗೆಯುವವಳಲ್ಲವೇ, ಈ ಮನೆಯಲ್ಲಿ ಯಾರು ಏನು ಚೆಲ್ಲಿಕೊಂಡರೂ ಕೊನೆಗೆ ನನ್ನ ಹತ್ತಿರವೇ ಬರುತ್ತದೆ. ತಣ್ಣೀರಿನಲ್ಲಿ ನೆನೆಹಾಕಿ, ಹೊರಗಿನಿಂದ ಒಳಕ್ಕೆ ಒತ್ತಿ ಒತ್ತಿ ರಕ್ತ ತೆಗೆದೆ. ತೆಗೆಯುತ್ತ ಅವನನ್ನು ಬಾಯ್ತುಂಬ ಬೈದೆ, ಮನಸ್ಸಿನಲ್ಲೇ.

ಅಣ್ಣ ವಾಪಸ್ಸು ಬಂದವನೇ ತೀರ್ಪು ಕೊಟ್ಟ.

"ಬೊಗಳ್ಲಿಲ್ಲ, ಗುರುಗುಟ್ಲಿಲ್ಲ, ಸೀದಾ ಬಾಯಿ ಹಾಕ್ತು. ಇಂಥ ನಾಯೀನ ನಂಬೋಕಾಗಲ್ಲ. ಗೋಡೌನ್‌ನವನಿಗೆ ಹೇಳ್ತೀನಿ, ಸರಪಳಿ ಹಾಕಿ ಗೇಟಿಗೆ ಕಟ್ಕೊಳ್ತಾನೆ. ಗೊತ್ತಾಯ್ತಾ?"

"ಹೂಂ ಅಣ್ಣಾ" ಎಂದೆ.

ಹೂಂ ಅಂತೆ ಹೂಂ! ಇಲ್ಲಿ ಬರೆಯುತ್ತೇನೆ, ಇಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ನಾನು ಬಿಡುವುದಿಲ್ಲ. ಈ ನಾಯಿಯನ್ನು ರಸ್ತೆಬದಿಯಿಂದ ಎತ್ತಿ ತಂದವನು ಯಾರು? ಇದೇ ಅಣ್ಣ. ತನ್ನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಗಾಜು ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು, "ನೋಡೇ, ದೊರೆ ಬಂದಿದಾನೆ" ಎಂದು ನನ್ನ ಮಡಿಲಿಗೆ ಹಾಕಿದವನು. ಹಾಕಿದ್ದನ್ನು ಈಗ ಕಿತ್ತುಕೊಳ್ಳುತ್ತಾನಂತೆ. ಅವನು ಈ ಮನೆಯ ಯಜಮಾನ ಇರಬಹುದು, ನಾನು ಅವನ ಮನೆಯಲ್ಲಿ ಇರುವ ತಂಗಿ ಇರಬಹುದು. ಆದರೂ ಬಿಡುವುದಿಲ್ಲ. ಬರಲಿ ಆ ಗೋಡೌನ್‌ನವನು, ಸರಪಳಿ ಅವನ ಕೊರಳಿಗೇ ಹಾಕಿ ಕಳಿಸುತ್ತೇನೆ.

ಫೆಬ್ರವರಿ 4, ಮಂಗಳವಾರ

ಅಣ್ಣನ ಹತ್ತಿರ ನೇರವಾಗಿ ಮಾತಾಡಬೇಕೆಂದು ಎರಡು ದಿನದಿಂದ ತಾಲೀಮು ಮಾಡಿಕೊಂಡಿದ್ದೆ. ಸ್ಕೂಟರ್ ಮೇಲೆ ಹೋಗುತ್ತ ಎಷ್ಟು ಚೆನ್ನಾಗಿ ಬರುತ್ತಿತ್ತು ಮಾತು! ಅಣ್ಣ ಎದುರಿಗೆ ಕೂತು ಶೂ ಬಿಚ್ಚತೊಡಗಿದ ಕೂಡಲೇ ಎಲ್ಲ ಮರೆತುಹೋಯಿತು. ಕಾಫಿ ಕೊಟ್ಟು ಒಳಗೆ ಬಂದೆ.

ಕೊನೆಗೆ ಅತ್ತಿಗೆಯ ಕೈಯಲ್ಲಿ ಹೇಳಿಸಿದೆ. ಅವರ ತಮ್ಮನನ್ನೇ ಕಚ್ಚಿದ ನಾಯಿಯ ಪರವಾಗಿ ಅವರನ್ನೇ ರಾಯಭಾರಕ್ಕೆ ಕಳಿಸಿದೆನಲ್ಲ, ನನ್ನ ಧೈರ್ಯಕ್ಕೆ ಏನು ಹೇಳಬೇಕೋ. ಅತ್ತಿಗೆ ಒಳ್ಳೆಯವರು. "ಅವನಿಗೂ ಸ್ವಲ್ಪ ಬುದ್ಧಿ ಬೇಕಿತ್ತು ಬಿಡು" ಎಂದು ನನ್ನ ಕಿವಿಯಲ್ಲಿ ಹೇಳಿ ಹೋದರು.

ಅಣ್ಣನ ದೊಡ್ಡ ದನಿ ಅಡುಗೆಮನೆಯವರೆಗೂ ಕೇಳಿಸಿತು. "ಮಾರ್ಚ್ ಮುಗಿಯೋವರೆಗೂ ನೋಡ್ತೀನಿ. ಅಷ್ಟರೊಳಗೆ ಮತ್ತೆ ಬಾಯಿ ಹಾಕೋದಿರ್ಲಿ, ಬರೀ ಹಲ್ಲು ತೋರ್ಸಿದ್ರೂ ಗೋಡೌನ್ ಗಾಡಿ ಹತ್ತಿಸ್ತೀನಿ. ಆಮೇಲೆ ಯಾರೂ ಮೂಗಲ್ಲಿ ನೀರು ಸುರಿಸ್ಕೊಂಡು ಬರ್ಬಾರ್ದು."

ನಾನೇನು ಮೂಗಲ್ಲಿ ನೀರು ಸುರಿಸುವವಳಲ್ಲ.

ಫೆಬ್ರವರಿ 9, ಭಾನುವಾರ

ನಮ್ಮ ಲಾಂಡ್ರಿಗೆ ವಾರಕ್ಕೊಮ್ಮೆ ಒಬ್ಬ ಹೆಂಗಸು ಪ್ಯಾಂಟುಗಳನ್ನು ತಂದು ಹಾಕುತ್ತಾರೆ. ಎಲ್ಲದಕ್ಕೂ ಆರೇಳು ಜೇಬು, ಎಲ್ಲ ಜೇಬಿನಲ್ಲೂ ಜಿಡ್ಡಿನ ಕಲೆ, ಮೊಣಕಾಲಿನ ಹತ್ತಿರ ಬಣ್ಣ ಬಣ್ಣದ ನಾಯಿಕೂದಲು. ಇವರು ಏನು ಕೆಲಸ ಮಾಡುತ್ತಾರಪ್ಪಾ ಎಂದು ಬಹಳ ದಿನದಿಂದ ಕುತೂಹಲವಿತ್ತು. ಮೊನ್ನೆ ಕೇಳಿಯೇಬಿಟ್ಟೆ. ನಾಯಿಗಳಿಗೆ ಪಾಠ ಹೇಳುತ್ತಾರಂತೆ. ಜೇಬಿನ ಜಿಡ್ಡು ಬೇಯಿಸಿದ ಕೋಳಿಯದು.

ಇವತ್ತು ಮನೆಗೆ ಬಂದರು. ಅತ್ತಿಗೆ ಅವರಿಗೆ ಜೇಬಮ್ಮ ಎಂದು ಹೆಸರಿಟ್ಟಾಗಿದೆ. ಜೇಬಮ್ಮ ದೊರೆಯನ್ನು ನೋಡಲೇ ಇಲ್ಲ. ಅವನ ಕಡೆ ಮುಖ ಮಾಡದೆ ನೆಲದ ಮೇಲೆ ಕೂತು, ಅವನ ಕಡೆಗೆ ಆಗಾಗ ಒಂದು ಚೂರು ಎಸೆಯುತ್ತ, ನಮ್ಮ ಜೊತೆ ಹರಟೆ ಹೊಡೆಯುವವರ ಹಾಗೆ ಒಂದೊಂದೇ ಕೇಳಿದರು. ಊಟ ಮಾಡುವಾಗ ಹತ್ತಿರ ಹೋದರೆ ಏನು ಮಾಡುತ್ತಾನೆ? ಮುಟ್ಟಿದರೆ? ಗುರುಗುಟ್ಟುತ್ತಾನಾ?

ಅಣ್ಣನಿಗೆ ಎಲ್ಲಿಲ್ಲದ ಹುರುಪು ಬಂತು. "ಮುಂಚೆ ಗುರುಗುಟ್ತಿದ್ದ ಮೇಡಂ. ತಟ್ಟೆ ಹತ್ರ ಹೋದ್ರೆ ಸಾಕು, ಗುರ್ರ್ ಅನ್ನೋನು. ಪೇಪರ್ ಸುತ್ತಿ ಮೂತಿಗೆ ಬಿಟ್ಟೆ ನೋಡಿ, ಪ್ರತಿ ಸಲಾನೂ. ಎರಡೇ ವಾರ. ಪೂರ್ತಿ ನಿಲ್ಲಿಸ್ಬಿಟ್ಟ. ಅವತ್ತಿಂದ ಇವತ್ತಿನವರೆಗೆ ಒಂದು ಸಲ ಗುರುಗುಟ್ಟಿಲ್ಲ."

ಈ ಕಥೆಯನ್ನು ಅಣ್ಣ ತನ್ನ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯಲು ಬಂದವರಿಗೆಲ್ಲ ಹೇಳುತ್ತಾನೆ. ಅವನು ಅವರ ಪಕ್ಕದಲ್ಲಿ ಸ್ಕೇಲು ಇಟ್ಟುಕೊಂಡು ಕೂರುತ್ತಾನೆ. ಗೇರು ತಪ್ಪಿದರೆ ಗೆಣ್ಣಿಗೆ ಒಂದು.

ಜೇಬಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. "ಸರ್, ಗುರುಗುಟ್ಟೋದು ಅಂದ್ರೆ ಅವನು ಬಾಯಿಬಿಟ್ಟು ಹೇಳ್ತಿದ್ದಿದ್ದು. ಹತ್ರ ಬರ್ಬೇಡಿ, ನನಗೆ ಭಯ ಆಗ್ತಿದೆ ಅಂತ. ನೀವು ಹೇಳೋದನ್ನ ನಿಲ್ಲಿಸಿದ್ರಿ. ಭಯ ನಿಲ್ಲಿಸ್ಲಿಲ್ಲ. ಈಗ ಅವನ ಹತ್ರ ಉಳಿದಿರೋದು ಹಲ್ಲು ಒಂದೇ" ಎಂದರು.

ಅಣ್ಣನ ಕಿವಿ ಕೆಂಪಾಯಿತು. "ಹಾಗಾದ್ರೆ ಹೊಡೆದ್ರೆ ನಾಯಿ ಕಲಿಯಲ್ಲ ಅಂತೀರಾ?"

"ಯಾಕೆ ಕಲಿಯಲ್ಲ? ಚೆನ್ನಾಗಿ ಕಲಿಯುತ್ತೆ. ನೀವು ಹೊಡೆಯೋರು ಅಂತ ಕಲಿಯುತ್ತೆ."

ನನಗೆ ಎದ್ದು ಕುಣಿಯಬೇಕೆನಿಸಿತು. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ.

ಫೆಬ್ರವರಿ 11, ಮಂಗಳವಾರ

ಪಾಠಕ್ಕೆ ಮುಂಚೆ ಪಶುವೈದ್ಯರಿಗೆ ತೋರಿಸಿ ಎಂದು ಜೇಬಮ್ಮ ಹೇಳಿದ್ದರು. ತೋರಿಸಿದೆ. ದೊರೆಯ ಎಡಗಿವಿಯ ಒಳಗೆ ಹುಣ್ಣು. ಒಳಗೇ ಕೀವು ಕಟ್ಟಿಕೊಂಡಿದೆ. ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವಂತೆ. ಆ ಕಿವಿಯನ್ನು ಹಿಡಿದು ಆ ಮನುಷ್ಯ ಜಗ್ಗಿದ್ದು!

ಅಣ್ಣನಿಗೆ ಹೇಳಬೇಕೆಂದು ಧುಮುಗುಟ್ಟಿಕೊಂಡು ಬಂದೆ. ಅವನು ಫೋನಿನಲ್ಲಿದ್ದ. ಔಷಧಿಯ ಸೀಸೆಯನ್ನು ಅವನಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟೆ. ನೋಡಿದನೋ ಇಲ್ಲವೋ.

ಫೆಬ್ರವರಿ 16, ಭಾನುವಾರ

ಪಾಠ ಶುರುವಾಯಿತು. ಮೊದಲು ಒಂದು ಮಾತು ಆರಿಸಿಕೊಳ್ಳಬೇಕಂತೆ. ದೊರೆ ಸರಿಯಾದ ಕೆಲಸ ಮಾಡಿದ ಆ ಕ್ಷಣಕ್ಕೆ ಆ ಮಾತು ಹೇಳಿ, ತಕ್ಷಣ ಒಂದು ಚೂರು ಕೋಳಿ ಕೊಡಬೇಕು. ಮಾತು ಕೇಳಿದರೆ ಕೋಳಿ ಬಂತೆಂದೇ ಅರ್ಥ, ಅದರಲ್ಲಿ ಮೋಸ ಕೂಡದು.

"ಹೂಂ ಅನ್ಲಾ?" ಎಂದೆ.

"ನೀವು ದಿನವಿಡೀ ಹೂಂ ಅಂತಾನೇ ಇರ್ತೀರಲ್ಲಾ ಮೇಡಂ, ಪಾಪ ಅವನು ಕನ್‌ಫ್ಯೂಸ್ ಆಗ್ತಾನೆ. ಈ ಮನೇಲಿ ಯಾರೂ ಬಳಸದೇ ಇರೋ ಮಾತು ಹೇಳಿ."

ಯೋಚಿಸಿ "ಭೇಷ್" ಎಂದೆ. ಆ ಮಾತನ್ನು ಈ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದು ನನಗೆ ನೆನಪಿಲ್ಲ.

ದೊರೆ ಕರೆಯದೆಯೇ ನನ್ನ ಮುಖ ನೋಡಿದರೆ ಭೇಷ್. ಗಂಟೆ ಬಾರಿಸಿದಾಗ ಬಾಗಿಲಿಗೆ ನುಗ್ಗದೆ ತನ್ನ ಚಾಪೆಗೆ ಹೋದರೆ ಭೇಷ್, ಭೇಷ್. ಇನ್ನೊಂದು ಪಾಠ ನನಗೆ. ಅವನು ಮುಖ ತಿರುಗಿಸಿದರೆ, ನಾಲಿಗೆಯಿಂದ ತುಟಿ ಸವರಿಕೊಂಡರೆ, ನಿದ್ದೆ ಬಾರದಿದ್ದರೂ ಆಕಳಿಸಿದರೆ, ಕಣ್ಣಿನ ಬಿಳಿ ಕಂಡರೆ, ಅದು ಸಾಕು ಅಂತ. ನಾವು ಕೂಡಲೇ ಹಿಂದೆ ಸರಿಯಬೇಕು. ಹೇಳಿದರೆ ಕೇಳುವವರಿದ್ದಾರೆ ಎಂದು ಗೊತ್ತಾದರೆ ಅವನು ಮತ್ತೆ ಮಾತಾಡಲೂಬಹುದು.

"ಮಾತಾಡೋದು ಅಂದ್ರೆ?"

"ಗುರುಗುಟ್ಟೋದು. ಗುರುಗುಟ್ಟಿದ ದಿನ ನನಗೆ ಫೋನ್ ಮಾಡಿ, ನಾವು ಗೆದ್ದ ಹಾಗೆ."

ಆದರೆ ಅಣ್ಣನ ಲೆಕ್ಕದಲ್ಲಿ ಅವನು ಗುರುಗುಟ್ಟಿದ ದಿನ ನಾವು ಸೋತ ಹಾಗೆ. ಇದನ್ನು ಜೇಬಮ್ಮನಿಗೆ ಹೇಳಿದೆ. "ಹಾಗಾದ್ರೆ ನಿಮ್ಮಣ್ಣಂಗೂ ಪಾಠ ಬೇಕು. ಆದ್ರೆ ನಾನು ನಾಯಿಗಳಿಗೆ ಮಾತ್ರ ಹೇಳ್ಕೊಡೋದು" ಎಂದು ಜೇಬು ಕೊಡವಿಕೊಂಡು ಹೊರಟರು.

ಫೆಬ್ರವರಿ 22, ಶನಿವಾರ

ಅಣ್ಣ ಊಟದ ಮಧ್ಯೆ, ಉಪ್ಪು ಕೇಳುವ ದನಿಯಲ್ಲಿ, "ಆಫೀಸಿನ ಹುಡುಗಿ ಬಿಟ್ಟು ಹೋಗ್ತಿದಾಳೆ. ಏಪ್ರಿಲ್‌ನಿಂದ ನೀನು ಡ್ರೈವಿಂಗ್ ಸ್ಕೂಲ್‌ಗೆ ಬಾ. ಆ ಲಾಂಡ್ರಿ ಬಿಡು, ಕೈಯೆಲ್ಲಾ ಸುಲಿದ್ಹೋಗಿದೆ" ಎಂದ.

"ಹೂಂ ಅಣ್ಣಾ."

ಥೂ ನನ್ನ ಬಾಯಿಗಿಷ್ಟು! ಹೂಂ ಎಂದು ಹೇಳುವುದಕ್ಕೇ ಹುಟ್ಟಿದೆಯೇನೋ ಈ ಬಾಯಿ. ನನ್ನ ಕೈ ಸುಲಿದರೆ ಸುಲಿಯಲಿ. ಲಾಂಡ್ರಿಯ ಹಿಂದಿನ ಆ ಕೋಣೆ, ಉದ್ದನೆ ಕಲ್ಲಿನ ಕಟ್ಟೆ, ಸಾಲಾಗಿ ಸೀಸೆಗಳು, ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದು ಇದು ಶಾಯಿಯೋ ತುಕ್ಕೋ ಎಂದು ನೋಡುವ ಹೊತ್ತು, ಅದು ನನ್ನದು. ಅಲ್ಲಿ ಯಾರೂ ನನ್ನ ಪಕ್ಕದಲ್ಲಿ ಸ್ಕೇಲು ಹಿಡಿದು ಕೂರುವುದಿಲ್ಲ. ಅಣ್ಣನ ಆಫೀಸಿನಲ್ಲಿ ಕೂತು, ಅವನ ಕೂಗಾಟ ಕೇಳುತ್ತ, ಪೆಚ್ಚುಮೋರೆ ಹಾಕಿಕೊಂಡು ಕಾರಿನಿಂದ ಇಳಿಯುವವರಿಗೆ ರಸೀದಿ ಬರೆಯಲೇ? ಸಾಧ್ಯವೇ ಇಲ್ಲ. ನಾನು ಹೋಗುವುದಿಲ್ಲ. ಅವನ ಕಾರಿನ ಗೇರುಗಳೆಲ್ಲ ಒಟ್ಟಿಗೇ ಕಚ್ಚಿಕೊಳ್ಳಲಿ, ಹೋಗುವುದಿಲ್ಲ. ಅವನೆದುರು ಹೇಳದಿದ್ದರೇನಂತೆ, ಇಲ್ಲಿ ಹೇಳುತ್ತಿದ್ದೇನಲ್ಲ. ಸಾಕು.

ಬರೆದು ಬರೆದು ಪೆನ್ನು ಕಾಗದವನ್ನು ಹರಿದು ಆಚೆ ಬಂತು.

ಮಾರ್ಚ್ 1, ಶನಿವಾರ

ಇವತ್ತು ಅನಾಹುತ ಕೂದಲೆಳೆಯಲ್ಲಿ ತಪ್ಪಿತು, ಮಾಡಿಕೊಂಡವಳು ನಾನೇ.

ದೊರೆ ಎಷ್ಟು ಚೆನ್ನಾಗಿ ಕಲಿಯುತ್ತಿದ್ದಾನೆ ಎಂದರೆ ನನಗೆ ಸ್ವಲ್ಪ ತಲೆ ತಿರುಗಿತ್ತು. ಅಣ್ಣನ ಕೈಯಿಂದಲೇ ಕೋಳಿ ಕೊಡಿಸಿದರೆ ಇಬ್ಬರಿಗೂ ದೋಸ್ತಿ ಆಗಿಬಿಡುತ್ತದೆ, ಮಾರ್ಚ್ ಕೊನೆಯವರೆಗೆ ಕಾಯುವುದೇ ಬೇಡ ಎಂದುಕೊಂಡೆ. ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟೆ. ಅಣ್ಣನೂ ಹುಮ್ಮಸ್ಸಿನಲ್ಲಿದ್ದ. ಒಂದು ದೊಡ್ಡ ತುಂಡು ಹಿಡಿದು "ಬಾರೋ ದೊರೆ" ಎಂದ. ದೊರೆಯ ಹಿಂಗಾಲು ಚಾಪೆಯ ಮೇಲೇ ಉಳಿದಿತ್ತು, ಕತ್ತು ಮಾತ್ರ ಉದ್ದಕ್ಕೆ ಬಂತು. ಒಂದೊಂದೇ ಇಂಚು ಮುಂದೆ ಬಂದು ತುಂಡು ಕಚ್ಚಿಕೊಂಡ. ನುಂಗಿದ. ನುಂಗಿಯಾದ ಮೇಲೆ ತಲೆಯೆತ್ತಿ ನೋಡಿದರೆ ಅಣ್ಣನ ಮುಖ ಅವನ ಮುಖದ ಮೇಲೇ ಇದೆ. ದೊರೆ ಕಲ್ಲಾದ. ಕಣ್ಣಿನ ಬಿಳಿ ಕಂಡಿತು.

"ನೋಡಿದ್ಯಾ, ತಿನ್ನಿಸಿದ್ರೆ ಎಲ್ಲಾ ಸರಿ ಹೋಗ್ತಾರೆ" ಎಂದು ಅಣ್ಣ ಅವನ ತಲೆಯ ಕಡೆ ಕೈ ಚಾಚಿದ.

ಬೇಡ ಎನ್ನಬೇಕು. ಎರಡಕ್ಷರ. ಬಾಯಿ ತೆರೆದರೆ ದನಿಯೇ ಇಲ್ಲ. ಕೈಗೆ ಸಿಕ್ಕಿದ ಸ್ಟೀಲ್ ಪಾತ್ರೆಯನ್ನು ನೆಲಕ್ಕೆ ಬಿಟ್ಟೆ. ಢಣಾರೆಂದಿತು. ಅಣ್ಣ ಬೆಚ್ಚಿ ತಿರುಗಿ, "ಏನೇ, ಕೈಯಲ್ಲಿ ಶಕ್ತಿ ಇಲ್ವಾ ನಿಂಗೆ?" ಎಂದು ರೇಗಿದ. ಅಷ್ಟರಲ್ಲಿ ದೊರೆ ಮಂಚದ ಕೆಳಗಿದ್ದ.

ಜೇಬಮ್ಮನಿಗೆ ಫೋನ್ ಮಾಡಿ ಹೇಳಿದೆ. ಮೊದಲ ಬಾರಿ ಅವರು ಸಿಟ್ಟಾದರು. ಭಯಪಡಿಸುವವರ ಕೈಯಲ್ಲಿ ಮಾಂಸ ಇರಲೇಬಾರದಂತೆ. ಆಸೆಗೆ ಬಿದ್ದು ಹತ್ತಿರ ಬರುತ್ತಾನೆ, ತಿಂದು ಮುಗಿದ ಮೇಲೆ ಎಲ್ಲಿ ನಿಂತಿದ್ದೇನೆಂದು ಗೊತ್ತಾಗುತ್ತದೆ. ಅಣ್ಣ ದೂರದಲ್ಲಿ ಕಂಡ ಕೂಡಲೇ ನಾನು ಕೊಡಬೇಕು, ನನ್ನ ಕೈಯಿಂದ.

"ಅದಿರ್ಲಿ, ಪಾತ್ರೆ ಯಾಕೆ ಬೀಳಿಸಿದ್ರಿ? ಅವನಿಗೆ ಅದೂ ಒಂದು ಗಾಬರಿ. ಮುಟ್ಬೇಡ ಅಂತ ಹೇಳೋಕೆ ನಿಮಗೆ ಬಾಯಿರ್ಲಿಲ್ವಾ?"

ನಾನು ಹೂಂ ಎಂದೆ. ಇದೆ ಎಂದೋ, ಇಲ್ಲ ಎಂದೋ, ನನಗೇ ಗೊತ್ತಾಗಲಿಲ್ಲ.

"ಅವನಿಗೆ ಮಾತು ಬರಲ್ಲ ಮೇಡಂ. ಅವನ ಪರವಾಗಿ ಬೇಡ ಅನ್ನೋದು ನಿಮ್ಮ ಕೆಲಸ. ಕೋಳಿ ಯಾರು ಬೇಕಾದ್ರೂ ಬೇಯಿಸ್ತಾರೆ."

ಅವಮಾನವಾಯಿತು. ಸಿಟ್ಟೂ ಬಂತು. ಅವರಿಗೇನು ಗೊತ್ತು ನಮ್ಮ ಅಣ್ಣನ ಮುಂದೆ ನಿಲ್ಲುವುದೆಂದರೆ ಏನು ಅಂತ?

ಮಾರ್ಚ್ 5, ಬುಧವಾರ

ಬೆಳಿಗ್ಗೆ ರಸ್ತೆಯಲ್ಲಿ ವಾಕಿಂಗ್ ಬಂದಿದ್ದ ಒಬ್ಬ ದಪ್ಪ ಕನ್ನಡಕದ ಯಜಮಾನರು "ಪಾಪ, ಎಷ್ಟು ಮುದ್ದಾಗಿದೆ" ಎಂದು ದೊರೆಯ ತಲೆಗೆ ಕೈ ಹಾಕಲು ಬಂದರು. "ಬೇಡ! ಮುಟ್ಬೇಡಿ" ಎಂದೆ. ಎಷ್ಟು ಜೋರಾಗಿ ಬಂತೆಂದರೆ ಯಜಮಾನರು ಕೈ ಜೇಬಿಗೆ ಹಾಕಿಕೊಂಡುಬಿಟ್ಟರು. ಗುರುತಿಲ್ಲದವರಿಗೆ ಹೇಳುವುದು ಏನು ದೊಡ್ಡ ವಿಷಯ.

ದೊರೆ ನನ್ನ ಮುಖ ನೋಡಿದ. ಭೇಷ್ ಎಂದು ಎರಡು ಚೂರು ಕೊಟ್ಟೆ.

ಮಾರ್ಚ್ 10, ಸೋಮವಾರ

ಅಣ್ಣ ಬಾಗಿಲಲ್ಲಿ ಕಂಡರೆ ನಾನು ದೊರೆಗೆ ಒಂದು ಚೂರು ಕೊಡುತ್ತೇನೆ. ಅಣ್ಣ ಮರೆಯಾದರೆ ಕೋಳಿಯೂ ಬಂದ್. ಅಣ್ಣ ಬಂದರೆ ಮತ್ತೆ ಕೋಳಿ. ಈಗ ಕಾರಿನ ಸದ್ದಾದರೆ ದೊರೆ ಮಂಚದ ಕೆಳಗೆ ಓಡುವ ಬದಲು ನನ್ನ ಕಡೆ ನೋಡುತ್ತಾನೆ. ಅಣ್ಣನಿಗೆ ಇದೆಲ್ಲ ತಮಾಷೆ. "ಲಂಚ ಕೊಟ್ಟು ಸಾಕ್ತಿದೀಯಾ?" ಎಂದ.

"ನೀನು ಒಳಗೆ ಬಂದ್ರೆ ಸಾಕು ಏನೋ ಒಳ್ಳೇದಾಗುತ್ತೆ ಅಂತ ಅವನಿಗೆ ನಂಬಿಸ್ತಿದೀನಿ ಅಣ್ಣಾ. ಸುಲಭದ ಕೆಲ್ಸ ಅಲ್ಲ" ಎಂದೆ. ಒಳಗೆ ಅತ್ತಿಗೆಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಅವರು ಕೆಮ್ಮಿದ್ದೋ ನಕ್ಕಿದ್ದೋ ತಿಳಿಯಲಿಲ್ಲ.

ಲಾಂಡ್ರಿಯಲ್ಲಿ ರಗಳೆ. ಯಾರದೋ ಹಾಸಿಗೆ ಬಟ್ಟೆಯ ರಕ್ತದ ಕಲೆಗೆ ಬಿಸಿನೀರು ಹಾಕು, ಬೇಗ ಆಗಲಿ ಎಂದು ಮಾಲೀಕರು ಗಡಿಬಿಡಿ ಮಾಡಿದರು. ಹಾಕಲ್ಲ ಎಂದೆ. ಬಿಸಿನೀರು ಹಾಕಿದರೆ ಅದು ಅಲ್ಲೇ ಕೂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ಗೊಣಗಿಕೊಂಡು ಹೋದರು.

ಮಾರ್ಚ್ 15, ಶನಿವಾರ

ಆಫೀಸಿನ ಬೀಗದ ಕೈ ತೆಗೆದುಕೋ ಎಂದು ಅಣ್ಣ ಕೊಡಲು ಬಂದ. ನಾನು ಬರುವುದಿಲ್ಲ, ಲಾಂಡ್ರಿ ಬಿಡುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೋ ಎಂದೆ. ಮುಖ ಗಂಟು ಹಾಕಿಕೊಂಡು ಹೋದ.

ಅದಿರಲಿ, ದೊರೆ ಇವತ್ತು ಮಾಡಿದ್ದು ಕೇಳಿದರೆ ಯಾರೂ ನಂಬಲಿಕ್ಕಿಲ್ಲ! ಕಿವಿಗೆ ಔಷಧಿ ಹಾಕಿಸಿಕೊಳ್ಳಲು ತಾನಾಗಿಯೇ ಬಂದು ಗದ್ದವನ್ನು ನನ್ನ ಅಂಗೈಯಲ್ಲಿಟ್ಟ. ಗದ್ದ ಇಟ್ಟಿರುವವರೆಗೆ ಹಾಕುವುದು, ಎತ್ತಿದರೆ ನಿಲ್ಲಿಸುವುದು, ಇದು ನಮ್ಮಿಬ್ಬರ ಕರಾರು. ಒಂದು ಸಲ ಎತ್ತಿದ. ಕೂಡಲೇ ನಿಲ್ಲಿಸಿದೆ. ನನ್ನ ಮುಖ ನೋಡಿದ, ನಿಜವಾಗಿಯೂ ನಿಲ್ಲಿಸಿದಳಲ್ಲ ಎಂದು. ಮತ್ತೆ ತಂದಿಟ್ಟ. ಭೇಷ್ ಭೇಷ್ ಭೇಷ್. ಡಬ್ಬಿಯೇ ಖಾಲಿ. ಒಬ್ಬಳೇ ಕೂತು ಅತ್ತುಬಿಟ್ಟೆ, ಯಾಕೋ.

ಮಾರ್ಚ್ 18, ಮಂಗಳವಾರ

ಅಣ್ಣ ಮಾತಾಡುತ್ತಿಲ್ಲ. ಮಾತಾಡದಿರಲಿ. ಮನೆ ತಣ್ಣಗಿದೆ.

ಮಾರ್ಚ್ 23, ಭಾನುವಾರ

ಒಂದು ವಿಷಯ ಇವತ್ತು ಕಣ್ಣಿಗೆ ಬಿತ್ತು. ಅಣ್ಣ ಹಾಲ್‌ನಲ್ಲಿ ತನ್ನ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಿದ್ದಾನೆ. ಗಾಳಿಗೆ ಎಂದ. ದೊರೆ ಎದ್ದು ಮೈಮುರಿದರೆ ಅಣ್ಣನ ಕಾಲು ತಾನಾಗಿಯೇ ಕುರ್ಚಿಯ ಕೆಳಗೆ ಸೇರಿಕೊಳ್ಳುತ್ತದೆ. ಇವತ್ತು ದೊರೆ ಅವನ ಪಕ್ಕದಿಂದ ಹಾದುಹೋದಾಗ ಅಣ್ಣ ನಾಲಿಗೆಯಿಂದ ತುಟಿ ಸವರಿಕೊಂಡು ಮುಖ ಆಚೆ ತಿರುಗಿಸಿದ.

ಅವನಿಗೆ ಭಯ! ಇಷ್ಟು ದಿನ ಸಿಟ್ಟು ಅಂದುಕೊಂಡಿದ್ದೆ. ಅಷ್ಟೆತ್ತರದ ಆಸಾಮಿ, ಪೇಪರ್ ಸುತ್ತಿ ಮೂತಿಗೆ ಹೊಡೆದವನು, ಈಗ ಅದೇ ನಾಯಿ ಯಾವ ಗಳಿಗೆಯಲ್ಲಿ ಬಾಯಿ ಹಾಕುತ್ತದೋ ಎಂದು ಹೆದರಿ ಕೂತಿದ್ದಾನೆ. ಮುನ್ಸೂಚನೆ ಕೊಡುವುದನ್ನು ಬಿಡಿಸಿದವನೂ ಅವನೇ. ನಗು ಬಂತು, ಆಮೇಲೆ ಅಯ್ಯೋ ಎನಿಸಿತು. ಆದರೆ ಹೆದರಿಕೊಂಡಿದ್ದಾನೆಂದು ನಾಯಿಯನ್ನು ಸರಪಳಿಗೆ ಕೊಡುವವಳಲ್ಲ ನಾನು.

ಮಾರ್ಚ್ 30, ಭಾನುವಾರ

ಅತ್ತಿಗೆಯ ತಮ್ಮ ಊಟಕ್ಕೆ ಬಂದಿದ್ದ. ಅಣ್ಣನೇ ಕರೆಸಿದ್ದು. ತಿಂಗಳು ಮುಗಿಯುತ್ತಿತ್ತಲ್ಲ, ಪರೀಕ್ಷೆ.

ಗಂಟೆ ಬಾರಿಸಿತು. ದೊರೆ ಚಾಪೆಗೆ ಹೋದ. ಭೇಷ್. ಅತಿಥಿ ಒಳಗೆ ಬಂದು ಕೂತ. ದೊರೆ ಅವನನ್ನು ನೋಡಿ ನನ್ನನ್ನು ನೋಡಿದ. ಭೇಷ್. ಊಟ ಮುಗಿಯುವವರೆಗೆ ಚಾಪೆ ಬಿಟ್ಟು ಏಳಲಿಲ್ಲ. ಅತ್ತಿಗೆ ಕಣ್ಣಲ್ಲೇ ನನಗೆ ಶಹಬ್ಬಾಸ್ ಕೊಟ್ಟರು. "ಚಾಪೆ ಹತ್ರ ಮಾತ್ರ ಹೋಗ್ಬೇಡಿ" ಎಂದು ಅತಿಥಿಗೆ ಮೊದಲೇ ಹೇಳಿದ್ದೆ. ಆದರೆ ಆ ಮನುಷ್ಯನಿಗೆ ಕೈ ಸುಮ್ಮನಿರಬೇಕಲ್ಲ. ಕೈ ತೊಳೆದುಕೊಂಡು ಬಂದವನು ಸೀದಾ ಚಾಪೆಯ ಕಡೆ ನಡೆದ.

"ಏನೋ ದೊರೆ, ಈಗ ಸಾಧು ಆಗಿದೀಯಂತೆ?" ಎಂದು ಬಗ್ಗಿದ.

ದೊರೆ ಮುಖ ತಿರುಗಿಸಿದ. ತುಟಿ ಸವರಿಕೊಂಡ. ಕೈ ಇನ್ನೂ ಮುಂದೆ ಬಂತು. ನಾನು ಕುರ್ಚಿಯಿಂದ ಏಳುತ್ತಿದ್ದೆ. ಆಗ ಕೇಳಿಸಿತು. ಮೊದಲು ಫ್ರಿಜ್‌ನ ಸದ್ದು ಅಂದುಕೊಂಡೆ. ಹೊಟ್ಟೆಯ ಆಳದಿಂದ, ತುಕ್ಕು ಹಿಡಿದ ಹಾಗೆ, ನಿಂತು ನಿಂತು. ಗುರ್ರ್.

ಅತ್ತಿಗೆಯ ತಮ್ಮ ಕೈ ಹಿಂದಕ್ಕೆಳೆದುಕೊಂಡು ಎರಡು ಹೆಜ್ಜೆ ಹಾರಿದ. ಗುರುಗುಟ್ಟುವುದು ನಿಂತಿತು. ಅಷ್ಟೇ. ಯಾರ ಕೈಯಲ್ಲೂ ತೂತಿಲ್ಲ, ಯಾರ ಶರ್ಟಿನ ಮೇಲೂ ಕಲೆಯಿಲ್ಲ.

ಅಣ್ಣ ಎದ್ದಿದ್ದ. ಟೀಪಾಯ್ ಮೇಲಿನ ಪೇಪರು ಕೈಗೆ ಬಂದಿತ್ತು, ಸುತ್ತಿಯೂ ಆಗಿತ್ತು. ಹೇಗೆ ಹೋದೆನೋ ಕಾಣೆ, ನಾನು ಚಾಪೆಯ ಮುಂದೆ ನಿಂತಿದ್ದೆ.

"ಬೇಡ ಅಣ್ಣಾ."

"ಜರುಗು ಆಚೆ."

"ಜರುಗಲ್ಲ. ಅವನು ಬಾಯಿಬಿಟ್ಟು ಹೇಳಿದಾನೆ. ಇವರು ಕೇಳಿದಾರೆ. ಮುಗೀತು. ಇದಕ್ಕೆ ಹೊಡೆದ್ರೆ ಮುಂದಿನ ಸಲ ಹೇಳಲ್ಲ."

"ಏನಕ್ಕಾ ಇದು, ಎರಡು ತಿಂಗ್ಳು ಪಾಠ ಹೇಳಿಸಿ ಗುರುಗುಟ್ಟೋದು ಕಲಿಸಿದೀರಾ?" ಎಂದ ಅತ್ತಿಗೆಯ ತಮ್ಮ, ಕಿಟಕಿಗೆ ಒರಗಿಕೊಂಡು.

"ಹೌದು. ಅದನ್ನೇ ಕಲಿಸಿದ್ದು. ಇನ್ನೊಂದು ಸಲ ಅವನ ಕಿವಿಗೆ ಕೈ ಹಾಕಿದ್ರೆ ನಾನೂ ಗುರುಗುಟ್ತೀನಿ" ಎಂದೆ.

ಅಣ್ಣ ನನ್ನನ್ನು ನೋಡಿದ. ಪೇಪರನ್ನು ಟೀಪಾಯ್ ಮೇಲೆ ಒಗೆದ. "ಮಾತು ಅಂದ್ರೆ ಮಾತು. ಹಲ್ಲು ತೋರಿಸಿದ್ರೆ ಆಚೆ ಅಂತ ಆಗಿತ್ತು. ನಾಳೆ ಗೋಡೌನ್‌ನವನು ಬರ್ತಾನೆ" ಎಂದು ಒಳಗೆ ಹೋದ.

ಜೇಬಮ್ಮನಿಗೆ ಫೋನ್ ಮಾಡಿ ಗುರುಗುಟ್ಟಿದ ಎಂದೆ. ಅವರು ಆ ಕಡೆ ಕೂಗಿದ್ದು ಪಕ್ಕದಲ್ಲಿದ್ದ ಅತ್ತಿಗೆಗೂ ಕೇಳಿಸಿತು.

ಮಾರ್ಚ್ 31, ಸೋಮವಾರ

ರಜೆ ಹಾಕಿದೆ. ಬೆಳಿಗ್ಗೆಯಿಂದ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ದೊರೆ ಪಕ್ಕದಲ್ಲಿ, 'ಇವತ್ತೇನು ಇಷ್ಟೊಂದು ಕೋಳಿ' ಎನ್ನುವ ಮುಖದಲ್ಲಿ.

ಗೋಡೌನ್‌ನವನು ಟೆಂಪೋದಲ್ಲಿ ಬಂದ. ಕೈಯಲ್ಲಿ ಸರಪಳಿ. ಅಣ್ಣ ಮೆಟ್ಟಿಲ ಮೇಲೆ ಬಂದು ನಿಂತ.

"ದಾರಿ ಬಿಡು" ಎಂದ ಅಣ್ಣ.

"ಬಿಡಲ್ಲ."

"ಬೀದಿಯವ್ರೆಲ್ಲಾ ನೋಡ್ತಿದಾರೆ ಕಣೇ."

"ನೋಡ್ಲಿ. ಅವನು ಹೋಗೋದಾದ್ರೆ ನಾನೂ ಹೋಗ್ತೀನಿ. ಲಾಂಡ್ರಿ ಹಿಂದೆ ಒಂದು ರೂಮು ಖಾಲಿ ಇದೆ, ಕೇಳಿ ಇಟ್ಟಿದೀನಿ."

ಗೋಡೌನ್‌ನವನು ಅಣ್ಣನನ್ನು ನೋಡಿದ, ನನ್ನನ್ನು ನೋಡಿದ, ಗಡಿಯಾರ ನೋಡಿಕೊಂಡ. "ಸಾರ್, ಮನೇಲಿ ಮೊದ್ಲು ತೀರ್ಮಾನ ಮಾಡ್ಕೊಳ್ಳಿ. ನನಗೆ ಇನ್ನೂ ನಾಲ್ಕು ಕಡೆ ಹೋಗೋದಿದೆ" ಎಂದು ಸರಪಳಿಯನ್ನು ಟೆಂಪೋ ಒಳಗೆ ಬಿಸಾಕಿದ.

ಅಣ್ಣ ಅವನನ್ನು ತಡೆಯಲಿಲ್ಲ. ಬೆನ್ನು ತಿರುಗಿಸಿ ಒಳಗೆ ಹೋದ. ಸಂಜೆಯವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ ನಾನು. ಅತ್ತಿಗೆ ಊಟವನ್ನು ಗೇಟಿಗೇ ತಂದುಕೊಟ್ಟರು.

ಏಪ್ರಿಲ್ 3, ಗುರುವಾರ

ಸಂಜೆ ಅಣ್ಣ ಬಂದ. ಕಾಫಿಲೋಟ ಹಿಡಿದು ಕಿಟಕಿಯ ಹತ್ತಿರದ ಕುರ್ಚಿಗೆ ಹೊರಟ. ದೊರೆಯ ಚಾಪೆ ದಾರಿಯಲ್ಲಿತ್ತು. ದೊರೆ ಮಲಗಿದ್ದಲ್ಲಿಂದಲೇ, ಮೆಲ್ಲಗೆ, ಗುರ್ರ್ ಎಂದ.

ಅಣ್ಣ ನಿಂತ. ನಾನು ಇಸ್ತ್ರಿ ಮಾಡುತ್ತಿದ್ದೆ. ತಲೆಯೆತ್ತಿ ನೋಡಿದೆ.

"ಏನಂತೆ?" ಎಂದ ಅಣ್ಣ. ದನಿ ಸಣ್ಣದಾಗಿತ್ತು.

"ಅಷ್ಟು ಹತ್ರ ಬೇಡವಂತೆ."

ಅಣ್ಣ ದೊರೆಯನ್ನು ನೋಡಿದ.

"ಎಷ್ಟು ದೂರ ನಿಂತ್ರೆ ಆಗುತ್ತೆ?" ಎಂದು ಕೇಳಿದ.

"ಒಂದು ಹೆಜ್ಜೆ ಹಿಂದೆ ಹೋಗು."

ಅಣ್ಣ ಒಂದು ಹೆಜ್ಜೆ ಹಿಂದೆ ಹೋದ. ದೊರೆ ತಲೆ ಕೆಳಗಿಟ್ಟ. ಅಣ್ಣ ಅಲ್ಲೇ ನಿಂತುಕೊಂಡು ಕಾಫಿ ಕುಡಿದ.